ಹೊಡೆಯುವುದು ಗೊರಕೆ, ಏಟು ಪಕ್ಕದವರಿಗೆ

ತಮಿಳರು ಗೊರಕೆ ಬಿಡುತ್ತಾರೆ. ತೆಲುಗರು ಇಡುತ್ತಾರೆ. ಮಲಯಾಳಿಗಳು ಎಳೆಯುತ್ತಾರೆ. ನಾವು ಕನ್ನಡಿಗರು ಮಾತ್ರ ಹೊಡೆಯುತ್ತೇವೆ.

ಕುರಟ್ಟೈ ವಿಡು, ಗುರಕ ಪೆಟ್ಟು, ಕೂರ್ಕಂ ವಲಿ, ಗೊರಕೆ ಹೊಡಿ. ನಾಲ್ಕು ಮನೆಗಳ ಹೆಸರುಪದ ಹೆಚ್ಚುಕಡಿಮೆ ಒಂದೇ ಸದ್ದಿನದು, ಕ್ರಿಯಾಪದ ಮಾತ್ರ ಒಂದೊಂದು ಮನೆಯದು ಒಂದೊಂದು ಥರ. ಇವುಗಳಲ್ಲಿ ಯಾವುದು ಸರಿ ಎಂದು ಕಿವಿ ಮೂಗು ಗಂಟಲು ತಜ್ಞರನ್ನು ಕೇಳಿದರೆ ಅವರು ಮಲಯಾಳಿಗಳ ಪರ ತೀರ್ಪು ಕೊಟ್ಟಾರು. ಗೊರಕೆಯ ಸದ್ದು ಬಹುಪಾಲು ಹುಟ್ಟುವುದು ಉಸಿರನ್ನು ಒಳಗೆ ಎಳೆದುಕೊಳ್ಳುವಾಗಲೇ ಹೊರತು ಬಿಡುವಾಗ ಅಲ್ಲ. ಪಕ್ಕದಲ್ಲಿ ಮಲಗಿ ನಿದ್ದೆಗೆಟ್ಟವರನ್ನು ಕೇಳಿದರೆ ಅವರ ಮತ ಕನ್ನಡಕ್ಕೆ. ಅವರ ಪಾಲಿಗೆ ಅದು ಏಟೇ.

ಹಾಗೆ ನೋಡಿದರೆ ಕನ್ನಡದ ‘ಹೊಡೆ’ ಬರೀ ಏಟಿಗೆ ಮೀಸಲಾದ ಮಾತಲ್ಲ. ನಾವು ಹರಟೆ ಹೊಡೆಯುತ್ತೇವೆ, ಶಿಳ್ಳೆ ಹೊಡೆಯುತ್ತೇವೆ, ಈಜು ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತೇವೆ, ಮಧ್ಯಾಹ್ನದ ಊಟ ಮುಗಿಸಿ ಒಂದು ಸಣ್ಣ ನಿದ್ದೆಯನ್ನೂ ಹೊಡೆಯುತ್ತೇವೆ. ಈ ವಿಷಯದಲ್ಲಿ ನಮಗೊಬ್ಬ ದೂರದ ಜೊತೆಗಾರ ಇದ್ದಾನೆ. ಚೀನೀ ಭಾಷೆಯಲ್ಲೂ ಗೊರಕೆಯನ್ನು ಹೊಡೆಯುವುದೇ. ಅಲ್ಲಿನ ‘ದಾ’ ಎಂಬ ಕ್ರಿಯಾಪದದ ಮೂಲ ಅರ್ಥ ಬಡಿ, ಹೊಡಿ ಎಂದು. ಸೀನಿಗೂ ಆಕಳಿಕೆಗೂ ಅವರು ಅದನ್ನೇ ಬಳಸುತ್ತಾರೆ. ಯಾರಿಂದ ಯಾರೂ ಕಲಿತದ್ದಲ್ಲ ಇದು. ಸದ್ದಾದ ಕಡೆಯೆಲ್ಲ ಏಟು ಬಿದ್ದಿರಲೇಬೇಕು ಅನ್ನುವ ಲೆಕ್ಕ ಎರಡು ಭಾಷೆಗಳಿಗೂ ತಾನಾಗಿ ಹೊಳೆದಿರಬೇಕು.

‘ಗೊರಕೆ’ ಎಂಬ ಪದ ಎಲ್ಲಿಂದ ಬಂತು ಎಂದು ಹುಡುಕಲು ತಾಳೆಗರಿ ಬಿಚ್ಚಬೇಕಾಗಿಲ್ಲ. ಅದು ಅನುಕರಣ ಶಬ್ದ. ಗೊರ್ ಗೊರ್ ಎಂದು ಕೇಳಿಸಿತು, ಗೊರಕೆ ಎಂದು ಹೆಸರಿಟ್ಟರು. ಕೆಲವರ ಬಾಯಲ್ಲಿ ಅದು ಗುರಕೆ, ಉತ್ತರ ಕರ್ನಾಟಕದಲ್ಲಿ ಗೊರಕಿ. ಉ ಮತ್ತು ಒ ನಡುವಿನ ಈ ಹೊಯ್ದಾಟ ದ್ರಾವಿಡ ಭಾಷೆಗಳಲ್ಲಿ ಹಳೆಯ ಕಥೆ. ತಮಿಳಿನ ಕುಡೈ ನಮ್ಮಲ್ಲಿ ಕೊಡೆ, ಅವರ ಪುಗೈ ನಮ್ಮಲ್ಲಿ ಹೊಗೆ. ಈ ಸದ್ದಿನ ನೆಂಟರು ಕನ್ನಡದಲ್ಲಿ ಬೇಕಾದಷ್ಟು. ನಾಯಿ ಗುರುಗುಟ್ಟುತ್ತದೆ. ಗಂಟಲು ಕಟ್ಟಿದವರ ದನಿ ಗೊಗ್ಗರಾಗುತ್ತದೆ. ಉಬ್ಬಸಕ್ಕೆ ನಮ್ಮ ಹಿರಿಯರು ಗೂರಲು ಎನ್ನುತ್ತಿದ್ದರು. ಎದೆಯಿಂದ ಬರುವ ಆ ಎಳೆದಾಟದ ಸದ್ದು ಕೇಳಿದವರಿಗೆ ಹೆಸರು ಎಷ್ಟು ಸರಿಯಾಗಿ ಕೂತಿದೆ ಎಂದು ಗೊತ್ತು.

ಸಂಸ್ಕೃತದಲ್ಲೂ ಘುರ್ಘುರ ಇದೆ, ಮರಾಠಿಯಲ್ಲಿ ಘೋರಣೆ ಇದೆ, ಹಿಂದಿಯಲ್ಲಿ ಖರ್ರಾಟೆ. ಹಾಗಾದರೆ ಸಾಲ ಕೊಟ್ಟವರಾರು, ಪಡೆದವರಾರು? ಇಂಥ ಪದಗಳಲ್ಲಿ ಆ ಜಗಳ ಹೂಡುವುದೇ ದಂಡ. ಒಂದೇ ಸದ್ದನ್ನು ಕೇಳಿದ ಹತ್ತು ಊರಿನವರು ತಂತಮ್ಮ ಪಾಡಿಗೆ ಹತ್ತಿರ ಹತ್ತಿರದ ಪದ ಕಟ್ಟಿಕೊಳ್ಳುತ್ತಾರೆ. ಕಾಗೆಯ ‘ಕಾ’ ಯಾವ ಭಾಷೆಯ ಆಸ್ತಿ?

ಪದದ ಬಾಲವನ್ನೂ ಸ್ವಲ್ಪ ನೋಡಬೇಕು. ಮೈ ತಾನಾಗಿ ಮಾಡುವ, ನಮ್ಮ ಅಪ್ಪಣೆ ಕೇಳದ ಎಷ್ಟೋ ಕೆಲಸಗಳಿಗೆ ಕನ್ನಡ ‘ಕೆ’ ಹಚ್ಚಿದೆ: ಆಕಳಿಕೆ, ತೂಕಡಿಕೆ, ಬಿಕ್ಕಳಿಕೆ, ಕನವರಿಕೆ. ಆದರೆ ಇವಕ್ಕೆಲ್ಲ ಸ್ವಂತ ಕ್ರಿಯಾಪದವಿದೆ. ಆಕಳಿಸು, ತೂಕಡಿಸು, ಬಿಕ್ಕಳಿಸು, ಕನವರಿಸು. ಸೀನು, ಕೆಮ್ಮು, ತೇಗು ಇವಂತೂ ಹೆಸರೂ ತಾವೇ, ಕೆಲಸವೂ ತಾವೇ. ಇಂದಿನ ಆಡುಮಾತಿನಲ್ಲಿ ಗೊರಕೆಗೆ ಆ ಭಾಗ್ಯವಿಲ್ಲ. ಗೊರಸು ಅಂದರೆ ದನದ ಕಾಲಾಗಿಬಿಡುತ್ತದೆ. ಅದಕ್ಕೇ ಅದು ‘ಹೊಡೆ’ಯ ಹೆಗಲು ಹಿಡಿದು ನಡೆಯುತ್ತಿದೆ. ಗೊರಕೆ ಹೊಡೆಯುವವನಿಗೂ ಒಂದು ನೆಟ್ಟಗಿನ ಹೆಸರಿಲ್ಲ. ಕುಡಿಯುವವ ಕುಡುಕ, ತಿರಿಯುವವ ತಿರುಕ, ಸದಾ ಮಲಗಿರುವವ ನಿದ್ದೆಬಡುಕ. ಗೊರಕೆಯವನಿಗೆ ಏನೂ ಇಲ್ಲ. ಆ ಖಾಲಿ ಜಾಗದಲ್ಲಿ ನಾವು ಕುಂಭಕರ್ಣನನ್ನು ತಂದು ಕೂರಿಸಿದ್ದೇವೆ.

ಪಶ್ಚಿಮದ ಭಾಷೆಗಳ ಕಡೆ ತಿರುಗಿದರೆ ಸಣ್ಣದೊಂದು ವ್ಯತ್ಯಾಸ ಕಾಣುತ್ತದೆ. ಇಂಗ್ಲಿಷಿನ ‘ಸ್ನೋರ್’ ಹುಟ್ಟಿದ ಮನೆಯಲ್ಲಿ ಸ್ನೀಜ್, ಸ್ನಿಫ್, ಸ್ನಾರ್ಟ್, ಸ್ನಾಟ್ ಎಲ್ಲ ಇವೆ: ಸೀನು, ಮೂಸು, ಮೂಗಿನಿಂದ ಬುಸುಗುಡು, ಸಿಂಬಳ. ಅಂದರೆ ಅವರು ಈ ಸದ್ದನ್ನು ಮೂಗಿನ ಲೆಕ್ಕಕ್ಕೆ ಬರೆದರು. ಗ್ರೀಕರ ‘ರೋಂಖೋಸ್’ ಲ್ಯಾಟಿನ್ನಿಗೆ ಹೋಗಿ, ಇವತ್ತು ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವ ‘ರಾಂಕೈ’ ಆಗಿ ಉಳಿದಿದೆ. ಲ್ಯಾಟಿನ್ನಿನಲ್ಲೇ ಗೊರಕೆಗೆ ‘ಸ್ಟೆರ್ಟೆರೆ’ ಎಂಬ ಇನ್ನೊಂದು ಕ್ರಿಯಾಪದವಿತ್ತು. ಗಂಟಲಿನ ಮೇಲ್ಭಾಗದಿಂದ ಬರುವ ಗರಗರ ಉಸಿರಿಗೆ ವೈದ್ಯರು ಈಗಲೂ ‘ಸ್ಟರ್ಟರ್’ ಎಂದೇ ಬರೆಯುತ್ತಾರೆ. ಗೊರಕೆಯ ಈ ಹೆಸರುಗಳಲ್ಲೆಲ್ಲ ಒಂದು ಅಕ್ಷರ ತಪ್ಪದೆ ಕಾವಲು ನಿಂತಿದೆ: ರ.

ರಕಾರಕ್ಕೆ ಅಲ್ಲಿ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ. ‘ರ್ರ್ರ್’ ಎಂದು ಎಳೆದು ಹೇಳಿ ನೋಡಿ, ನಾಲಿಗೆಯ ತುದಿ ಗಾಳಿಗೆ ಅದುರುತ್ತದೆ. ಗೊರಕೆಯಲ್ಲೂ ನಡೆಯುವುದು ಇಂಥದೇ ಅದುರಾಟ, ಜಾಗ ಮಾತ್ರ ಬೇರೆ. ಇನ್ನು ‘ಗ’ ಹೇಳಿ. ನಾಲಿಗೆಯ ಹಿಂಭಾಗ ಮೇಲೆದ್ದು ಬಾಯಿಯ ಚಾವಣಿಯ ಹಿಂದಿನ ಮೆತ್ತನೆಯ ಭಾಗಕ್ಕೆ ಒತ್ತುತ್ತದೆ. ನಮ್ಮ ವೈಯಾಕರಣರು ಕವರ್ಗವನ್ನು ಕಂಠ್ಯ ಎಂದು ಕರೆದರು. ಆ ಮೆತ್ತನೆಯ ಅಂಗುಳ ಮತ್ತು ಅದರ ತುದಿಗೆ ಜೋತುಬಿದ್ದ ಕಿರುನಾಲಿಗೆಯೇ ಗೊರಕೆಯ ಮುಖ್ಯ ವಾದ್ಯ. ಗೊರಕೆ ಎಂಬ ಪದವನ್ನು ಉಚ್ಚರಿಸುವಾಗ ಮೊದಲ ಅಕ್ಷರಕ್ಕೇ ನಾವು ಗೊರಕೆ ಹುಟ್ಟುವ ಜಾಗವನ್ನು ಮುಟ್ಟಿ ಬಂದಿರುತ್ತೇವೆ. ಇಂಗ್ಲಿಷರು ಮೂಗಿಗೆ ಕಟ್ಟಿದ ಹೆಸರಿಗಿಂತ ನಮ್ಮವರು ಗಂಟಲಿಗೆ ಕಟ್ಟಿದ ಹೆಸರೇ ನಿಜಕ್ಕೆ ಹತ್ತಿರ ಎಂದು ನನ್ನ ಪಕ್ಷಪಾತ.

ಆ ಜಾಗದಲ್ಲಿ ಆಗುವುದಾದರೂ ಏನು? ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿನ ಕೊಳವೆಗೆ ಗಟ್ಟಿ ಚೌಕಟ್ಟಿಲ್ಲ. ಕೆಳಗಿನ ಶ್ವಾಸನಾಳಕ್ಕಾದರೆ ಮೃದ್ವಸ್ಥಿಯ ಬಳೆಗಳಿವೆ, ಅದು ಸುಲಭಕ್ಕೆ ಕುಸಿಯುವುದಿಲ್ಲ. ಮೇಲಿನದು ಬರೀ ಸ್ನಾಯುಗಳ ಭರವಸೆಯ ಮೇಲೆ ತೆರೆದಿರುವ ದಾರಿ. ಎಚ್ಚರವಿದ್ದಾಗ ಆ ಸ್ನಾಯುಗಳು ಬಿಗಿಯಾಗಿರುತ್ತವೆ. ನಿದ್ದೆ ಬಂದಂತೆ ಸಡಿಲಾಗುತ್ತವೆ. ಅಂಗಾತ ಮಲಗಿದ್ದರೆ ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದಷ್ಟೂ ಗಾಳಿಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಒಳಗಿನ ಒತ್ತಡ ಇಳಿದು ಗೋಡೆಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ, ಮತ್ತೆ ಬಿಚ್ಚಿಕೊಳ್ಳುತ್ತವೆ. ಈ ಬಡಿದಾಟವೇ ಸದ್ದು. ರಾತ್ರಿ ಎರಡು ಪೆಗ್ ಹಾಕಿ ಮಲಗಿದವರ ಗೊರಕೆ ಜೋರಾಗುವುದು ಮದ್ಯ ಆ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುವುದರಿಂದ. ನೆಗಡಿಯಾದಾಗ ಜೋರಾಗುವುದು ಮೂಗು ಕಟ್ಟಿ, ಉಸಿರೆಳೆಯಲು ಹೆಚ್ಚು ಬಲ ಹಾಕಬೇಕಾದ್ದರಿಂದ. ಕತ್ತಿನ ಸುತ್ತ ಕೊಬ್ಬು ಸೇರಿದವರಲ್ಲಿ ಕೊಳವೆ ಮೊದಲೇ ಇಕ್ಕಟ್ಟು. ಹಾಗೆಂದು ತೆಳ್ಳಗಿನವರು ನಿಶ್ಚಿಂತರಾಗುವಂತಿಲ್ಲ. ಗದ್ದ ಚಿಕ್ಕದಾಗಿ ಹಿಂದೆ ಸರಿದಿದ್ದರೂ ಸಾಕು, ನಾಲಿಗೆಗೆ ಜಾಗ ಸಾಲದು.

ಮನುಷ್ಯನ ಗಂಟಲು ಇಷ್ಟು ಉದ್ದವಾಗಿ, ಇಷ್ಟು ಬಳುಕುವಂತೆ ಇರುವುದೇಕೆ ಎಂಬುದಕ್ಕೆ ಕೆಲವು ತಜ್ಞರ ವಾದ ಕುತೂಹಲದ್ದು. ಮಾತಿಗೋಸ್ಕರ ನಮ್ಮ ಧ್ವನಿಪೆಟ್ಟಿಗೆ ಕೆಳಗಿಳಿಯಿತು, ಅ ಇ ಉ ಎಂದು ಬೇರೆ ಬೇರೆಯಾಗಿ ನುಡಿಯಲು ಗಂಟಲು ಮೆತ್ತಗಾಯಿತು, ಅದಕ್ಕೆ ತೆತ್ತ ಬೆಲೆಯೇ ರಾತ್ರಿಯ ಈ ಕುಸಿತ ಎನ್ನುತ್ತಾರೆ ಅವರು. ಇದು ಇನ್ನೂ ವಾದವೇ, ತೀರ್ಮಾನವಲ್ಲ. ಏಕೆಂದರೆ ಮಾತು ಬಾರದ ಬುಲ್‌ಡಾಗ್ ಕೂಡ ಮನುಷ್ಯರಂತೆಯೇ ಗೊರಕೆ ಹೊಡೆದು, ಮನುಷ್ಯರಂತೆಯೇ ನಿದ್ದೆಯಲ್ಲಿ ಉಸಿರುಗಟ್ಟಿ ಒದ್ದಾಡುತ್ತದೆ. ಮೋಟು ಮೂತಿಗಾಗಿ ಮನುಷ್ಯ ಅದನ್ನು ತಲೆಮಾರುಗಟ್ಟಲೆ ಆಯ್ದು ಬೆಳೆಸಿದ ಫಲ ಅದು.

ಮತ್ತೆ ಕುಂಭಕರ್ಣನ ಬಳಿಗೆ ಬರೋಣ. ಇಂದ್ರಾಸನ ಕೇಳಲು ಹೋಗಿ ನಿದ್ರಾಸನ ಎಂದು ನಾಲಿಗೆ ತೊದಲಿದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸಲು ಹೋದ ರಾಕ್ಷಸರಿಗೆ ಅವನ ಉಸಿರಿನ ಬಿರುಗಾಳಿಯ ಎದುರು ನಿಲ್ಲುವುದೇ ಕಷ್ಟವಾಗುತ್ತದೆ. ಭೇರಿ ಬಾರಿಸುತ್ತಾರೆ, ಶಂಖ ಊದುತ್ತಾರೆ, ಮೈಮೇಲೆ ಆನೆ ಓಡಿಸುತ್ತಾರೆ. ನಮ್ಮ ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಜನ ಹೊಟ್ಟೆ ಹುಣ್ಣಾಗುವಂತೆ ನಗುವ ಘಟ್ಟಗಳಲ್ಲಿ ಇದೂ ಒಂದು. ಭಾರಿ ಮೈ, ಭಾರಿ ಊಟ, ಭಾರಿ ಗೊರಕೆ, ಎಷ್ಟು ಮಲಗಿದರೂ ತೀರದ ನಿದ್ದೆ. ಇವತ್ತಿನ ವೈದ್ಯರ ಕೈಗೆ ಈ ಲಕ್ಷಣಗಳ ಪಟ್ಟಿ ಕೊಟ್ಟರೆ ಅವರು ನಗುವುದಿಲ್ಲ, ಚೀಟಿ ಬರೆಯುತ್ತಾರೆ.

ಇಂಗ್ಲೆಂಡಿನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಕಂತುಗಳಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ದಢೂತಿ ಹುಡುಗನಿದ್ದಾನೆ. ಬಾಗಿಲು ತಟ್ಟುತ್ತ ನಿಂತಲ್ಲೇ ನಿದ್ದೆ, ಬಡಿಸುತ್ತಿದ್ದಂತೆಯೇ ಗೊರಕೆ. ಓದುಗರು ನಕ್ಕರು. 1956ರಲ್ಲಿ ಅಮೆರಿಕದ ವೈದ್ಯ ಬರ್ವೆಲ್ ಮತ್ತು ಸಂಗಡಿಗರು ಅತಿ ದಪ್ಪಗಿದ್ದು, ಹಗಲಿಡೀ ತೂಕಡಿಸುತ್ತ, ಉಸಿರಾಟ ಸಾಲದೆ ಬಳಲುತ್ತಿದ್ದ ರೋಗಿಯ ಬಗ್ಗೆ ಬರೆದಾಗ ಅದಕ್ಕೆ ಕೊಟ್ಟ ಹೆಸರು ‘ಪಿಕ್‌ವಿಕಿಯನ್ ಸಿಂಡ್ರೋಮ್’. ಹಾಸ್ಯಪಾತ್ರ ರೋಗಿಯಾಗಲು 120 ವರ್ಷ ಹಿಡಿಯಿತು. ಆದರೂ ಇಂಥವರಿಗೆ ರಾತ್ರಿ ಏನಾಗುತ್ತದೆ ಎಂದು ನೋಡಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. 1965ರಲ್ಲಿ ಫ್ರಾನ್ಸಿನ ಗಾಸ್ತೋ ತಂಡವೂ ಜರ್ಮನಿಯ ಯೂಂಗ್ ಮತ್ತು ಕೂಲೋ ಅವರೂ ಬೇರೆ ಬೇರೆಯಾಗಿ, ಮಲಗಿದ ರೋಗಿಗಳ ಉಸಿರು ಮತ್ತು ಮಿದುಳಿನ ಅಲೆಗಳನ್ನು ರಾತ್ರಿಯಿಡೀ ದಾಖಲಿಸಿದರು. ಕಂಡದ್ದು ಸದ್ದಲ್ಲ, ಸದ್ದಿನ ನಡುವಿನ ಬಿಡುವು. ಮತ್ತೆ ಮತ್ತೆ ಉಸಿರು ನಿಲ್ಲುತ್ತಿತ್ತು.

ಮದುವೆಯ ಹಿಂದಿನ ರಾತ್ರಿ ಛತ್ರದ ಹಾಲಿನಲ್ಲಿ ಜಮಖಾನೆಯ ಮೇಲೆ ಸಾಲಾಗಿ ಮಲಗಿದವರಿಗೆ ಇದು ಗೊತ್ತಿರುವ ದೃಶ್ಯವೇ. ಮೂಲೆಯಲ್ಲಿ ದೊಡ್ಡಪ್ಪನ ಗೊರಕೆ ಏರುತ್ತ ಹೋಗುತ್ತದೆ. ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಸದ್ಯ, ಮಗ್ಗುಲು ಬದಲಿಸಿದರು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಹೊದಿಕೆಯ ಕೆಳಗೆ ಅವರ ಎದೆ ಹೊಟ್ಟೆ ಎರಡೂ ಏರಿಳಿಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುತ್ತಿರುವುದಿಲ್ಲ. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಆಮೇಲೆ ಘರ್ರ್ ಎಂದು ಒಂದು ದೊಡ್ಡ ಉಸಿರು, ಕೈಕಾಲಿನ ಒಂದು ಒದರಾಟ, ಮತ್ತೆ ಮೊದಲಿನಿಂದ ಶುರು. ದೊಡ್ಡಮ್ಮ ಮಾತ್ರ ಆ ಮೌನದಲ್ಲಿ ಎದ್ದು ಕೂತು, ಗಂಡನ ಭುಜ ತಟ್ಟಿ, ‘ರೀ, ಮಗ್ಗುಲಾಗ್ರೀ’ ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಕೇಳಿದ ಕಿವಿಗೆ ಯಾವುದು ಹೆದರಬೇಕಾದ್ದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಂತರೆ ವೈದ್ಯರು ಅದನ್ನು ಆಪ್ನಿಯಾ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತೀರಾ ಕ್ಷೀಣಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಎರಡೂ ಸೇರಿ ಗಂಟೆಗೆ ಐದಕ್ಕಿಂತ ಕಡಿಮೆ ಇದ್ದರೆ ದೊಡ್ಡವರಲ್ಲಿ ಚಿಂತೆಯಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ತೀವ್ರ ಎಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಕತ್ತು ಹಿಸುಕಿದ ಹಾಗೆ. ಪ್ರತಿಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಅರೆಕ್ಷಣ ಎಚ್ಚರಗೊಳಿಸುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಮಲಗಿದವನಿಗೆ ಇದ್ಯಾವುದೂ ನೆನಪಿರುವುದಿಲ್ಲ. ಎಂಟು ಗಂಟೆ ಮಲಗಿದ್ದೆ, ಆದರೂ ತಲೆ ಭಾರ, ಬಾಯಿ ಒಣಗಿದೆ ಅನ್ನುತ್ತಾನೆ ಅಷ್ಟೆ. ಔಷಧಕ್ಕೆ ಬಗ್ಗದ ಬಿಪಿ, ಹೃದಯದ ತಾಳ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಇವೆಲ್ಲ ಇದರ ಜೊತೆ ನಂಟು ಬೆಳೆಸಿವೆ. ಸ್ಟೀರಿಂಗ್ ಹಿಡಿದು ತೂಕಡಿಸುವವರ ಮಾತು ಬೇರೆಯೇ.

ಗೊರಕೆ ಹೊಡೆಯುವವರಿಗೆಲ್ಲ ಈ ಕಾಯಿಲೆ ಇರುತ್ತದೆ ಎಂದಲ್ಲ. ಆದರೆ ಇದು ಅಪರೂಪದ್ದೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ದುಡಿಯುವ ವಯಸ್ಸಿನವರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದಲ್ಲಿ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 9 ಮಂದಿಗೆ ಗಂಟೆಗೆ ಐದೋ ಹೆಚ್ಚೋ ಸಲ ಉಸಿರು ತಡೆಯುತ್ತಿತ್ತು. 30ರಿಂದ 69 ವಯಸ್ಸಿನವರಲ್ಲಿ ಜಗತ್ತಿನಾದ್ಯಂತ ಸುಮಾರು 93.6 ಕೋಟಿ ಮಂದಿಗೆ ಇದು ಇರಬಹುದು ಎಂದು 2019ರ ಒಂದು ಅಂದಾಜು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೆಚ್ಚುತ್ತದೆ. ಆದರೆ ನಮ್ಮಲ್ಲಿ ಹೆಂಗಸಿನ ಗೊರಕೆ ಮನೆಯ ಗುಟ್ಟು. ಅದನ್ನು ಡಾಕ್ಟರ ಮುಂದೆ ಹೇಳಿಕೊಳ್ಳುವುದಿರಲಿ, ತವರಿನಲ್ಲಿ ಮಲಗಲೂ ನಾಚಿಕೊಳ್ಳುವವರಿದ್ದಾರೆ.

2022ರ ಫೆಬ್ರವರಿ 15ರಂದು ಮುಂಬೈಯಲ್ಲಿ ತೀರಿಕೊಂಡ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ನಮ್ಮವರಿಗೆ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರದ ಹಾಡುಗಳಿಂದಲೂ ಪರಿಚಿತರು. ಅವರ ಸಾವಿಗೆ ವೈದ್ಯರು ಕೊಟ್ಟ ಕಾರಣ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರುಕಟ್ಟುವ ಇದೇ ಕಾಯಿಲೆ. ಅಲ್ಲಿಯವರೆಗೆ ಈ ಹೆಸರನ್ನೇ ಕೇಳದ ಎಷ್ಟೋ ಮನೆಗಳಲ್ಲಿ ಆ ವಾರ ಗೊರಕೆಯ ಬಗ್ಗೆ ಮೊದಲ ಸಲ ನಗದೆ ಮಾತಾಡಿದರು.

ಈ ಕಾಯಿಲೆ ಇದೆಯೇ ಎಂದು ತಿಳಿಯುವ ಪರೀಕ್ಷೆಯಲ್ಲಿ ನೋವಿಲ್ಲ, ಸ್ವಲ್ಪ ಮುಜುಗರ ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ದೊಡ್ಡ ಆಸ್ಪತ್ರೆಗಳಲ್ಲಿ ಇದರ ಪ್ರಯೋಗಾಲಯಗಳಿವೆ. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ತಂತಿ ಅಂಟಿಸುತ್ತಾರೆ. ಎದೆ ಹೊಟ್ಟೆಗೆ ಪಟ್ಟಿ, ಮೂಗಿನ ಬಳಿ ಗಾಳಿ ಅಳೆಯುವ ಸಣ್ಣ ನಳಿಕೆ, ಬೆರಳಿಗೆ ಆಮ್ಲಜನಕ ತೋರಿಸುವ ಚಿಮಟ. ಇಷ್ಟು ಅಲಂಕಾರ ಮಾಡಿ ‘ಈಗ ಮಲಗಿ’ ಅನ್ನುತ್ತಾರೆ. ನಿದ್ದೆ ಬರುತ್ತದೆಯೇ ಎಂದು ಗಾಬರಿಯಾಗಬೇಡಿ. ಈ ಕಾಯಿಲೆ ಇದ್ದವರು ನಿದ್ದೆಗೆ ಎಷ್ಟು ಹಸಿದಿರುತ್ತಾರೆಂದರೆ ತಂತಿಯ ನಡುವೆಯೂ ಹೊಡೆಯಲು ಶುರುಮಾಡುತ್ತಾರೆ. ಈಗ ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಯಂತ್ರಗಳೂ ಬಂದಿವೆ.

ಚಿಕಿತ್ಸೆಯಲ್ಲಿ ದೊಡ್ಡ ತಿರುವು ಬಂದದ್ದು 1981ರಲ್ಲಿ. ಅಲ್ಲಿಯವರೆಗೆ ತೀವ್ರ ರೋಗಿಗಳಿಗೆ ಕತ್ತಿನ ಮುಂಭಾಗದಲ್ಲಿ ರಂಧ್ರ ಕೊರೆಯುವುದು ಬಿಟ್ಟರೆ ನಂಬಬಹುದಾದ ದಾರಿ ಇರಲಿಲ್ಲ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮೂಗಿಗೆ ಮುಸುಕು ಕಟ್ಟಿ, ಪಂಪಿನಿಂದ ಹದವಾದ ಒತ್ತಡದಲ್ಲಿ ಗಾಳಿ ಊದಿ, ಗಂಟಲಿನ ಕೊಳವೆ ಕುಸಿಯದಂತೆ ಎತ್ತಿ ಹಿಡಿದರು. ಆ ವರ್ಷ ಅವರು ವರದಿ ಮಾಡಿದ್ದು ಐದೇ ರೋಗಿಗಳ ಬಗ್ಗೆ. ಇವತ್ತು ಸಿಪ್ಯಾಪ್ ಎಂಬ ಹೆಸರಿನಲ್ಲಿ ಜಗತ್ತಿನ ಎಷ್ಟೋ ಮಲಗುವ ಕೋಣೆಗಳಲ್ಲಿ ಅದು ಮಂಚದ ಪಕ್ಕ ಕೂತಿದೆ. ಅದು ಕೆಲಸ ಮಾಡುತ್ತದೆ, ಸಂಶಯವಿಲ್ಲ. ಆದರೆ ಮುಖಕ್ಕೆ ಮುಸುಕು ಕಟ್ಟಿ ಮಲಗಲು ಎಲ್ಲರಿಗೂ ಆಗುವುದಿಲ್ಲ. ಕೊಂಡು ತಂದು ಬೀರುವಿನ ಮೇಲೆ ಇಟ್ಟವರು ಬೇಕಾದಷ್ಟು ಸಿಗುತ್ತಾರೆ.

ಹಾಗಾಗಿ ಬೇರೆ ದಾರಿಗಳ ಹುಡುಕಾಟ ನಿಂತಿಲ್ಲ. ಆಸ್ಟ್ರೇಲಿಯದ ಮೂಲನಿವಾಸಿಗಳ ಉದ್ದನೆಯ ಕೊಳವೆ ವಾದ್ಯ ಡಿಜರಿಡೂ. ಅದನ್ನು ನಾಲ್ಕು ತಿಂಗಳು ಅಭ್ಯಾಸ ಮಾಡಿದವರಲ್ಲಿ ಹಗಲಿನ ತೂಕಡಿಕೆಯೂ ಉಸಿರುಕಟ್ಟುವುದೂ ಕಡಿಮೆಯಾಯಿತೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 2006ರಲ್ಲಿ 25 ಮಂದಿಯ ಪ್ರಯೋಗದಿಂದ ತೋರಿಸಿದರು. ಊದಿ ಊದಿ ಗಂಟಲಿನ ಸ್ನಾಯು ಗಟ್ಟಿಯಾಗುತ್ತದೆ ಎಂಬ ತರ್ಕ. 2017ರಲ್ಲಿ ಅವರಿಗೆ, ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು, ಅದೂ ಶಾಂತಿಯ ವಿಭಾಗದಲ್ಲಿ! 2025ರಲ್ಲಿ ಜೈಪುರದ ವೈದ್ಯರು ಅದೇ ತರ್ಕವನ್ನು ಶಂಖಕ್ಕೆ ಹಚ್ಚಿ 30 ಮಂದಿಯ ಮೇಲೆ ನೋಡಿದರು. ಆರು ತಿಂಗಳು ಶಂಖ ಊದಿದವರು ಬರೀ ಉಸಿರಾಟದ ಅಭ್ಯಾಸ ಮಾಡಿದವರಿಗಿಂತ ಚುರುಕಾಗಿದ್ದರು. ಎರಡೂ ಚಿಕ್ಕ ಪ್ರಯೋಗಗಳು, ಇವನ್ನು ನಂಬಿ ಯಂತ್ರ ಎತ್ತಿಡುವುದು ಬೇಡ. ಆದರೂ ಶಂಖ ಜಾಗಟೆ ಹಿಡಿದು ಮನೆಮನೆಗೆ ಬರುವ ನಮ್ಮ ದಾಸಯ್ಯಗಳ ಗಂಟಲನ್ನು ಯಾರಾದರೂ ಒಮ್ಮೆ ಅಳೆದು ನೋಡಬಾರದೇ ಅನ್ನಿಸುತ್ತದೆ.

ನಾಲಿಗೆಯ ನರವನ್ನು ವಿದ್ಯುತ್ತಿನಿಂದ ಚುರುಕುಗೊಳಿಸುವ, ಎದೆಯ ಚರ್ಮದಡಿ ಇಡುವ ಸಾಧನಕ್ಕೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ತೂಕ ಇಳಿಸುವ ಟರ್ಜೆಪಟೈಡ್ ಚುಚ್ಚುಮದ್ದನ್ನು ಬೊಜ್ಜಿರುವ ರೋಗಿಗಳ ಸ್ಲೀಪ್ ಆಪ್ನಿಯಾಗೆ ಬಳಸಬಹುದೆಂದು ಅಲ್ಲಿ 2024ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟರು. ಇವೆಲ್ಲಕ್ಕಿಂತ ಅಗ್ಗದ್ದು ತೂಕ ಇಳಿಸುವುದು, ರಾತ್ರಿ ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದು. ಸೌಮ್ಯವಾಗಿದ್ದರೆ ಇಷ್ಟರಿಂದಲೇ ಎಷ್ಟೋ ಜನರಿಗೆ ಗುಣ ಕಂಡಿದೆ.

ಮಕ್ಕಳ ವಿಷಯ ಹೇಳದೆ ಮುಗಿಸುವಂತಿಲ್ಲ. ಪುಟ್ಟ ಮಗುವಿನ ಗೊರಕೆ ಕೇಳಲು ಮುದ್ದಾಗಿರಬಹುದು. ಆದರೆ ದಿನವೂ ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿನ ಟಾನ್ಸಿಲ್ ಇಲ್ಲವೇ ಮೂಗಿನ ಹಿಂದಿನ ಅಡಿನಾಯ್ಡ್ ಗಂಟು ಊದಿಕೊಂಡಿರುವ ಸಾಧ್ಯತೆ ಹೆಚ್ಚು. ನಿದ್ದೆಗೆಟ್ಟ ಮಗು ದೊಡ್ಡವರಂತೆ ತೂಕಡಿಸುವುದೇ ಅಪರೂಪ. ಅದು ಸಿಡಿಮಿಡಿ ಮಾಡುತ್ತದೆ, ಕೂತಲ್ಲಿ ಕೂರುವುದಿಲ್ಲ, ಪಾಠಕ್ಕೆ ಗಮನ ಕೊಡುವುದಿಲ್ಲ. ಹಠಮಾರಿ ಎಂದು ಬೈಸಿಕೊಳ್ಳುತ್ತದೆ.

ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳಿಸುವುದಿಲ್ಲ. ‘ನಾನೆಲ್ಲಿ ಹೊಡೆದೆ?’ ಎಂದು ಅವರು ಕೇಳುವುದು ಪ್ರಾಮಾಣಿಕವಾಗಿಯೇ. ಆದ್ದರಿಂದ ಈ ಕೋರಿಕೆ ಪಕ್ಕದಲ್ಲಿ ಮಲಗುವವರಿಗೆ. ಗೊರಕೆ ನಡುವೆ ತಡೆದು ನಿಲ್ಲುತ್ತಿದೆ ಅನ್ನಿಸಿದರೆ ಸಿಟ್ಟಿನಿಂದ ದಿಂಬು ಎತ್ತಿಕೊಂಡು ಹಾಲಿಗೆ ಹೋಗುವ ಮುಂಚೆ ಮೊಬೈಲಿನಲ್ಲಿ ಎರಡು ಮೂರು ನಿಮಿಷ ರೆಕಾರ್ಡ್ ಮಾಡಿ. ಅದನ್ನು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಕಿವಿ ಮೂಗು ಗಂಟಲು ವೈದ್ಯರಿಗೋ ಶ್ವಾಸಕೋಶ ತಜ್ಞರಿಗೋ ಕೇಳಿಸಿ.